ಪುರುಡುಗುಡ್ಡಕ್ಕೆ ಆ ಹೆಸರು ಬಂದ ಬಗೆ

ಬೆಳವಗೇರಿಯ ಉತ್ತರಕ್ಕೆ, ಕಪ್ಪು ಮಣ್ಣಿನ ಎರೆಹೊಲಗಳು ಮುಗಿದು ಕೆಂಪು ಮಸಬು ಮಣ್ಣು ಶುರುವಾಗುವಲ್ಲಿ, ಒಂದು ಗುಡ್ಡವಿದೆ. ಅದರ ಮೇಲೆ ಗುಡಿಯಿಲ್ಲ, ಕೋಟೆಯಿಲ್ಲ, ಹೇಳಿಕೊಳ್ಳುವಂಥ ಎತ್ತರವೂ ಇಲ್ಲ. ಜಾಲಿ, ಕಾರೆಗಿಡ, ಅಲ್ಲಲ್ಲಿ ಹುಣಸೆ. ಹಿಂಬದಿಯ ಇಳಿಜಾರಿನಲ್ಲಿ ಕಲ್ಲಿನ ಸಂದಿಯಿಂದ ಸಣ್ಣ ಒರತೆಯೊಂದು ಹರಿಯುತ್ತದೆ. ಬೇಸಿಗೆಯಲ್ಲಿ ತೆಳುವಾಗುತ್ತದೆಯೇ ಹೊರತು ಬತ್ತಿದ್ದನ್ನು ಕಂಡವರಿಲ್ಲ. ಆ ಗುಡ್ಡದ ಹೆಸರು ಪುರುಡುಗುಡ್ಡ. ಮನೆಯಲ್ಲಿ ಮಗು ಹುಟ್ಟಿದಾಗ ಕೆಲವು ದಿನ ಹಿಡಿಯುವ ಮೈಲಿಗೆಗೆ ಪುರುಡು ಎನ್ನುತ್ತಾರೆ. ದೇವರ ಹೆಸರೋ, ಹುಲಿಯ ಹೆಸರೋ, ಯಾವನಾದರೂ ವೀರನ ಹೆಸರೋ ಇರಬೇಕಾದ ಗುಡ್ಡಕ್ಕೆ ಮೈಲಿಗೆಯ ಹೆಸರೇ ಎಂದು ಹೊರಗಿನವರು ಮೂಗು ಮುರಿಯುತ್ತಾರೆ. ಬಸ್ಸಿನ ಕಂಡಕ್ಟರುಗಳು ಕೂಡ ನಾಚಿಕೊಂಡು "ಗುಡ್ಡದ ಕ್ರಾಸ್ ಇಳೀರಿ" ಎಂದಷ್ಟೇ ಕೂಗುತ್ತಾರೆ. ಊರಿನವರು ಮಾತ್ರ ಪೂರ್ತಿ ಹೆಸರನ್ನೇ ಹೇಳುತ್ತಾರೆ, ಹೇಳುವಾಗ ಸ್ವಲ್ಪ ಎದೆ ಎತ್ತಿಯೇ ಹೇಳುತ್ತಾರೆ. ನಾನು ಹುಟ್ಟಿದ್ದು ಆ ಗುಡ್ಡದ ಬುಡದಲ್ಲಿ. ಮದುವೆಯಾಗಿ ಕಾರವಾರಕ್ಕೆ ಬಂದ ಮೇಲೆ ಕಡಲ ದಂಡೆಯಲ್ಲೇ ಮುದುಕಿಯಾದೆ. ಇಲ್ಲಿ ನನ್ನ ನೆರೆಯವರು ನಿಮ್ಮ ಕಡೆ ನೋಡುವಂಥದ್ದು ಏನಿದೆ ಎಂದು ಕೇಳಿದಾಗಲೆಲ್ಲ ನಾನು ಹೇಳುವುದು ಈ ಗುಡ್ಡದ ಮಾತನ್ನೇ. ನನಗೆ ಇದನ್ನು ಹೇಳಿದವಳು ನನ್ನ ಅಜ್ಜಿಯ ಅಕ್ಕ ನೀಲವ್ವ. ಅವಳಿಗೆ ಅವಳ ಹಿರಿಯರು ಹೇಳಿದ್ದು.

ಹಿಂದೆ ಒಮ್ಮೆ ಮೂಡಣ ಸೀಮೆಯಲ್ಲಿ ಎರಡು ಕಡೆಯ ದಂಡುಗಳು ವರ್ಷಗಟ್ಟಲೆ ಕಾದಾಡುತ್ತಿದ್ದವಂತೆ. ಯಾರು ಗೆದ್ದರು, ಯಾರು ಸೋತರು ಎಂಬುದು ನಮ್ಮ ಊರಿನವರಿಗೆ ಗೊತ್ತಾಗಲೇ ಇಲ್ಲ. ಗೊತ್ತಾದದ್ದು ಅದರ ಹಿಂದೆ ಬಂದದ್ದು. ದಂಡು ಹಾದುಹೋದ ಕಡೆ ಕುದುರೆಗಳು ನಿಂತ ಪೈರನ್ನು ಮೇಯ್ದವು, ಎತ್ತುಗಳನ್ನು ಗಾಡಿಗೆ ಕಟ್ಟಲು ಹಿಡಿದೊಯ್ದರು. ಎತ್ತಿಲ್ಲದ ಊರಿನಲ್ಲಿ ಮರುವರ್ಷ ಮಳೆ ಬಂದರೂ ಬಿತ್ತುವವರಿಲ್ಲ. ಅದರ ಮರುವರ್ಷ ಮಳೆಯೂ ಬರಲಿಲ್ಲ. ಹೀಗೆ ಯುದ್ಧ ಮುಗಿದ ಮೇಲೆ ಬರ ಬಂತು. ಹಸಿದವರು ಗಡ್ಡೆಗೆಣಸು, ಗುಲಗಂಜಿ ಸೊಪ್ಪು, ಸಿಕ್ಕ ಕುಂಟೆಯ ನೀರು, ಏನು ಸಿಕ್ಕರೆ ಅದನ್ನು ತಿಂದು ಕುಡಿದು ಪಡುವಣಕ್ಕೆ ನಡೆದರು. ಅವರು ನಡೆದ ದಾರಿಯಲ್ಲೇ ವಾಂತಿಭೇದಿಯ ಬೇನೆಯೂ ನಡೆಯಿತು. ಬೇನೆ ಬಂತೆಂದು ಒಂದು ಊರು ಎದ್ದು ಓಡಿದರೆ ಆ ಓಡಿದವರು ಇನ್ನೊಂದು ಊರಿಗೆ ಬೇನೆಯನ್ನು ಮುಟ್ಟಿಸಿದರು. ಬಾಣದಿಂದ ಸತ್ತವರಿಗಿಂತ ಹಸಿವಿನಿಂದ ಸತ್ತವರು ಹೆಚ್ಚು, ಹಸಿವಿನಿಂದ ಸತ್ತವರಿಗಿಂತ ಬೇನೆಯಿಂದ ಸತ್ತವರು ಹೆಚ್ಚು, ಸತ್ತವರಿಗಿಂತ ಊರು ಬಿಟ್ಟವರು ಹೆಚ್ಚು ಎಂದು ನೀಲವ್ವಜ್ಜಿ ಹೇಳುತ್ತಿದ್ದಳು. ಮೂಡಣ ದಾರಿಯ ಉದ್ದಕ್ಕೂ ಹಾಳೂರುಗಳು. ಬಾಗಿಲಿಗೆ ಮುಳ್ಳು ಬಡಿದಿರುತ್ತಿತ್ತು, ಒಲೆ ತಣ್ಣಗಿರುತ್ತಿತ್ತು, ಕರೆದರೆ ಓಗೊಡುವವರಿರಲಿಲ್ಲ.

ಬೆಳವಗೇರಿಯಲ್ಲಿ ಆ ಹೊತ್ತಿಗಿನ್ನೂ ಬೇನೆ ಕಾಲಿಟ್ಟಿರಲಿಲ್ಲ. ಎರೆಹೊಲ ಕೈಬಿಡದೆ ಕಾಪಾಡಿದ್ದರಿಂದ ಹಗೇವುಗಳಲ್ಲಿ, ಅಂದರೆ ನೆಲದೊಳಗಿನ ಕಾಳಿನ ಗುಂಡಿಗಳಲ್ಲಿ, ಜೋಳವೂ ಇತ್ತು. ಆದರೆ ನೆರೆಯ ಊರಿನಲ್ಲಿ ಸಾವಿನ ಸುದ್ದಿ ಕೇಳಿಬಂದಾಗ ಊರಗೌಡ ಹೇಮನಗೌಡ ಹಿರಿಯರನ್ನು ಕೂಡಿಸಿ ಹೊರಬೀಡು ಸಾರಿಸಿದ. ಬೇನೆಯ ಕಾಲದಲ್ಲಿ ಇಡೀ ಊರು ಒಂದು ಹಗಲು ಮನೆ ಬಿಟ್ಟು ಹೊರಗಿರುವುದಕ್ಕೆ ಹೊರಬೀಡು ಎನ್ನುತ್ತಾರೆ. ಬೆಳಗಾಗುವ ಮೊದಲೇ ಎಲ್ಲ ಒಲೆಗಳನ್ನು ಆರಿಸಿ, ದನಕರು, ಕೋಳಿ, ಮುದುಕರು, ಕೂಸುಗಳನ್ನು ಕರೆದುಕೊಂಡು ಗುಡ್ಡದ ಹಿಂಬದಿಗೆ ಹೋಗಬೇಕು. ಅಲ್ಲಿಯೇ ಮೂರು ಕಲ್ಲು ಹೂಡಿ ಅಡುಗೆ ಮಾಡಿ ಉಣ್ಣಬೇಕು. ಊರಿನ ಕಡೆ ಮುಖ ಮಾಡಿ ಕೂರಬಾರದು. ಊರಬಾಗಿಲಿಗೆ ಮುಳ್ಳಿನ ಕೊಂಬೆ ಬಡಿದ ಮೇಲೆ ದ್ಯಾಮವ್ವನ ಪೂಜಾರಿ ಮೌನೇಶಪ್ಪ ಅರಿಷಿಣದ ನೂಲನ್ನು ಊರಿನ ಸುತ್ತ ಗೂಟದಿಂದ ಗೂಟಕ್ಕೆ ಸುತ್ತಿ, "ಇವತ್ತು ಈ ಊರು ಒಂದೇ ಮನಿ. ಈ ಮನಿಯಾಗ ಯಾರೂ ಇಲ್ಲ. ಬಂದು ನೋಡಿ ಹೋಗವ್ವ" ಎಂದು ಬೇನೆಯ ತಾಯಿಗೆ ಅರಿಕೆ ಮಾಡುತ್ತಾನೆ. ತಾಯಿ ಒಳಹೊಕ್ಕು ನೋಡುತ್ತಾಳೆ; ಯಾರೂ ಇಲ್ಲದ್ದನ್ನು ಕಂಡು ಮುಂದಿನ ದಾರಿ ಹಿಡಿಯುತ್ತಾಳೆ. ಹೊತ್ತು ಮುಳುಗುವ ಮುಂಚೆ ಊರು ತಿರುಗಿ ಬಂದು ಒಲೆ ಹೊತ್ತಿಸುತ್ತದೆ. ನಂಬಿಕೆ ಅದು.

ಅದೇ ಹಗಲು ಮೂಡಣದಿಂದ ಒಂದು ಗುಂಪು ಬಂತು. ಅವರು ನೇಕಾರರು. ಹೊರಟಾಗ ಒಂದು ಇಡೀ ಕೇರಿಯಾಗಿದ್ದವರು ಬೆಳವಗೇರಿ ಮುಟ್ಟುವಾಗ ಒಂದೇ ಮರದ ನೆರಳಿಗೆ ಸಾಲುವಷ್ಟು ಜನರಾಗಿದ್ದರು. ಮಗ್ಗ ಹೊತ್ತು ನಡೆಯಲಾಗದೆ ಅದನ್ನು ಹೂಡಿದ್ದ ಗುಂಡಿಯಲ್ಲೇ ಬಿಟ್ಟು ಲಾಳಿ ಮತ್ತು ಹಣಿಗೆಗಳನ್ನಷ್ಟೇ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಅವರ ಮುಂದಾಳು ಏಕಾಂತಪ್ಪ. ಅವನ ಹೆಂಡತಿ ಬನವ್ವ ತುಂಬಿದ ಬಸುರಿ; ಆ ಬೆಳಿಗ್ಗೆಯಿಂದ ಅವಳಿಗೆ ಹೆರಿಗೆಯ ಬ್ಯಾನೆ ಕಾಣಿಸಿಕೊಂಡು ಇನ್ನು ಒಂದು ಹೆಜ್ಜೆ ಇಡಲಾರೆ ಎನ್ನುವಂತಾಗಿದ್ದಳು. ಎದುರಿಗೊಂದು ಊರು ಕಂಡಿತು. ಬಾಗಿಲಿಗೆ ಮುಳ್ಳು, ಒಳಗೆ ಹೊಗೆಯಿಲ್ಲ, ನಾಯಿ ಬೊಗಳುವ ಸದ್ದೂ ಇಲ್ಲ. ದಾರಿಯುದ್ದ ಅಂಥದ್ದನ್ನೇ ನೋಡುತ್ತ ಬಂದವರಿಗೆ ಇದೂ ಜನ ಬಿಟ್ಟುಹೋದ ಹಾಳೂರೇ ಎಂದು ತೋರಿದ್ದರಲ್ಲಿ ಆಶ್ಚರ್ಯವಿಲ್ಲ. ಅವರು ಮುಳ್ಳು ಸರಿಸಿದರು. ಸರಿಸುವಾಗ ಅಡ್ಡಲಾಗಿದ್ದ ನೂಲು ತುಂಡಾಯಿತು. ಅದು ಯಾಕೆ ಅಲ್ಲಿದೆ ಎಂದು ಏಕಾಂತಪ್ಪನಿಗೆ ತಿಳಿಯದು. ಆದರೆ ಕಡಿದ ಎಳೆಯನ್ನು ಹಾಗೆಯೇ ಬಿಟ್ಟುಹೋಗುವುದು ನೇಕಾರನ ಕೈಗೆ ಒಗ್ಗದ ಕೆಲಸ. ಬ್ಯಾನೆ ತಿನ್ನುತ್ತಿದ್ದ ಹೆಂಡತಿಯನ್ನು ಹೆಂಗಸರು ಒಳಗೆ ನಡೆಸಿಕೊಂಡು ಹೋಗುತ್ತಿದ್ದರೂ ಅವನು ನಿಂತು, ಎರಡು ತುದಿಗಳನ್ನು ಬೆರಳಿನಲ್ಲಿ ಹೊಸೆದು ಗಂಟು ಹಾಕಿ, ನೂಲನ್ನು ಮತ್ತೆ ಗೂಟಕ್ಕೆ ಏರಿಸಿ ಹೋದನಂತೆ.

ಹೊತ್ತಿಳಿಯುವಾಗ ಊರಿನವರು ಗುಡ್ಡ ಸುತ್ತಿ ಬಂದು ನೋಡಿದರೆ, ಊರಬಾಗಿಲ ಪಕ್ಕದಲ್ಲಿ ಊರ ಚಾಕರಿ ಮಾಡುವ ಕುಳುವಾಡಿಯ ಮನೆಯ ಮಾಡಿನಿಂದ ಹೊಗೆ ಏಳುತ್ತಿತ್ತು. ಮುಂದೆ ನಡೆಯುತ್ತಿದ್ದ ಹೇಮನಗೌಡ ನಿಂತುಬಿಟ್ಟ. ಅವನ ಹಿಂದೆ ದನಗಳು ನಿಂತವು, ದನಗಳ ಹಿಂದೆ ಜನ ನಿಂತರು. ಹೊಗೆ ಕಂಡ ಕುಳುವಾಡಿಯ ಹೆಂಡತಿ ಮಾತ್ರ, "ನಾ ಒಲಿ ಆರಿಸಿನೇ ಬಂದೀನ್ರೀ, ದ್ಯಾಮವ್ವನಾಣಿ!" ಎಂದು ಎಲ್ಲರಿಗೂ ಕೇಳುವಂತೆ ಕೂಗಿಕೊಂಡಳು. ಸದ್ದಿಗೆ ಏಕಾಂತಪ್ಪ ಬಾಗಿಲಿಗೆ ಬಂದ. ನೂಲಿನ ಆಚೆ ಅವನು, ಈಚೆ ಇಡೀ ಊರು.

"ಯಾರಪಾ ನೀವು? ಯಾರನ್ನ ಕೇಳಿ ಒಳಗ ಹೊಕ್ಕಿರಿ?" ಎಂದು ಗೌಡ ಗದರಿದ.

"ಕೇಳಾಕ ಯಾರೂ ಇರಲಿಲ್ಲರೀ ಎಪ್ಪಾ," ಎಂದ ಏಕಾಂತಪ್ಪ. "ಇದ್ದಿದ್ರ ಕೇಳತಿದ್ವಿ."

ಯಾರೋ ಹಿಂದಿನಿಂದ ನಕ್ಕರು. ಗೌಡ ತಿರುಗಿ ನೋಡಿದ್ದೇ ತಡ ನಗು ನಿಂತಿತು. ಅವನ ಎದೆಯೊಳಗೆ ಭಯ ಹೊಕ್ಕಿತ್ತು. ಬೇನೆಯ ತಾಯಿ ಬಂದು ನೋಡುವ ಹಗಲಿನಲ್ಲೇ ಬೇನೆಯ ದಾರಿಯಿಂದ ಬಂದವರು ಊರೊಳಗೆ ಕೂತಿದ್ದಾರೆ. ಅದರ ಮೇಲೆ ಊರಿನ ಕಾಳೆಲ್ಲ ಅವರ ಕಾಲ ಕೆಳಗಿನ ಹಗೇವುಗಳಲ್ಲಿದೆ. ಕೋಲು ಹಿಡಿದ ಹರೆಯದವರನ್ನು ಕರೆದು ಇವರನ್ನು ಈಗಲೇ ಗಡಿ ದಾಟಿಸಿ ಎಂದು ಹೇಳಲು ಅವನು ಬಾಯಿ ತೆರೆದಿದ್ದ. ಅಷ್ಟರಲ್ಲಿ ಒಳಗಿನಿಂದ ಎಳೆಯ ಕೂಸಿನ ಅಳು ಕೇಳಿತು. ಹುಟ್ಟಿ ಇನ್ನೂ ಸರಿಯಾಗಿ ಉಸಿರಾಡಲು ಕಲಿಯದ ಕೂಸಿನ ಅಳು. ಊರಿನ ಸೂಲಗಿತ್ತಿ ಕರಿಯವ್ವ ಜನರನ್ನು ಸರಿಸಿಕೊಂಡು ಮುಂದೆ ಬಂದು, "ಹೊಕ್ಕಳಬಳ್ಳಿ ಕೊಯ್ದರ ಇಲ್ಲೋ?" ಎಂದಷ್ಟೇ ಕೇಳಿ, ಉತ್ತರಕ್ಕೆ ಕಾಯದೆ ಸೀರೆ ಎತ್ತಿಕಟ್ಟಿ ನೂಲಿನ ಕೆಳಗೆ ಬಗ್ಗಿ ಒಳಗೆ ಹೋದಳು. ಅವಳನ್ನು ತಡೆಯುವ ಧೈರ್ಯ ಗೌಡನಿಗೂ ಇರಲಿಲ್ಲ. ಅವನನ್ನು ಭೂಮಿಗೆ ಇಳಿಸಿಕೊಂಡ ಕೈ ಅದೇ.

ಗೌಡ ಪೂಜಾರಿಯ ಕಡೆ ತಿರುಗಿ, ನೂಲು ಹರಿದ ತಪ್ಪಿಗೆ ಇವರನ್ನು ಹೊರಹಾಕಲು ಅಪ್ಪಣೆ ಕೇಳಿದ. ಮೌನೇಶಪ್ಪ ನಿಧಾನದ ಮನುಷ್ಯ. ನೂಲನ್ನು ಬೆರಳುಗಳ ನಡುವೆ ಹಿಡಿದು ಊರಿನ ಸುತ್ತ ಒಂದು ಬಳಸು ನಡೆದು ಬಂದ. ಜನ ಕಾಯುತ್ತ ನಿಂತರು. ಮತ್ತೆ ಬಾಗಿಲಿಗೆ ಬಂದಾಗ ಅವನ ಬೆರಳಿಗೆ ಆ ಗಂಟು ಸಿಕ್ಕಿತು. ಕಣ್ಣಿಗೆ ಕಾಣದಷ್ಟು ಸಣ್ಣದು. "ಹರದಾರ, ಖರೆ. ಆದ್ರ ಕಟ್ಯಾರ," ಎಂದ. "ನಾ ಕಟ್ಟಿದ್ದಕ್ಕಿಂತ ಛಲೋ ಕಟ್ಯಾರ. ನೂಲು ಅಖಂಡ ಐತಿ. ಅಂದಮ್ಯಾಲೆ ಊರು ಇನ್ನೂ ಒಂದೇ ಮನಿ." ಆಮೇಲೆ ಅವನು ಹೇಳಿದ್ದನ್ನು ಕೇಳಿ ಊರಿನವರು ಬೆಪ್ಪಾದರು. ಊರೇ ಒಂದು ಮನೆಯಾಗಿರುವಾಗ ಆ ಮನೆಯಲ್ಲಿ ಕೂಸು ಹುಟ್ಟಿದೆ. ಆದ್ದರಿಂದ ಇಡೀ ಊರಿಗೆ ಪುರುಡು. ಪುರುಡಿನ ಮನೆಯ ಬೆಂಕಿಯನ್ನು ಆರಿಸುವಂತಿಲ್ಲ, ಬಾಣಂತಿಯನ್ನು ಎಬ್ಬಿಸುವಂತಿಲ್ಲ. ಹೊರಬೀಡಿನ ಮಡಿಯಲ್ಲಿ ಇರುವವರು ಒಳಗೆ ಕಾಲಿಡುವಂತೆಯೂ ಇಲ್ಲ. ಪುರುಡು ಕಳೆಯುವವರೆಗೆ ಎಲ್ಲರೂ ಗುಡ್ಡಕ್ಕೆ ತಿರುಗಿ ಹೋಗಬೇಕು. ಗೌಡ ಹಲ್ಲು ಕಡಿದ. ಆದರೆ ಪೂಜಾರಿಯ ಮಾತು ಮೀರಿ ಒಳಹೊಕ್ಕು, ನಾಳೆ ಊರಿನಲ್ಲಿ ಒಂದು ಹೆಣ ಬಿದ್ದರೆ ಅದು ತನ್ನ ತಲೆಗೇ ಬರುತ್ತದೆಂಬುದೂ ಅವನಿಗೆ ಗೊತ್ತಿತ್ತು. "ಪುರುಡು ಕಳದ ದಿನ ನೀವು ನಮ್ಮ ಗಡಿ ಬಿಡಬೇಕು. ಅದರಾಗ ಮಾತಿಲ್ಲ," ಎಂದು ಏಕಾಂತಪ್ಪನಿಗೆ ಹೇಳಿ ದನಗಳನ್ನು ಹಿಂದಕ್ಕೆ ಹೊಡೆಸಿದ.

ಹೀಗೆ ಮನೆಯಿದ್ದವರು ಗುಡ್ಡದ ಮೇಲೆ, ಮನೆಯಿಲ್ಲದವರು ಊರಿನೊಳಗೆ ಆದರು. ಬುತ್ತಿ ಒಂದೇ ಹಗಲಿನದು ಇದ್ದದ್ದರಿಂದ ಗುಡ್ಡದವರ ಅನ್ನ ಈಗ ನೇಕಾರರ ಕೈಯಲ್ಲಿತ್ತು. ಕರಿಯವ್ವ ಸುಮ್ಮನಿರುವ ಹೆಂಗಸಲ್ಲ. ಯಾವ ಹಗೇವು ಎಲ್ಲಿದೆ ಎಂದು ಅವರಿಗೆ ತೋರಿಸಿಕೊಟ್ಟಳು. ಪ್ರತಿ ಬೆಳಿಗ್ಗೆ ನೇಕಾರರು ಜೋಳ ಎತ್ತಿ, ತೂರಿ, ಕಲ್ಲು ಆರಿಸಿ, ಬುಟ್ಟಿಗಳಲ್ಲಿ ತಂದು ನೂಲಿನ ಆಚೆಯಿಂದ ಈಚೆಗೆ ದಾಟಿಸುತ್ತಿದ್ದರು. ಮೊದಲ ಬೆಳಿಗ್ಗೆ ಬುಟ್ಟಿ ಹಿಡಿದು ನಿಂತ ನೇಕಾರರ ತೋಳುಗಳು ಲಾಳಿಯಷ್ಟು ತೆಳ್ಳಗಿದ್ದುದನ್ನು ನೋಡಿ, ಇಸಿದುಕೊಳ್ಳಲು ಬಂದಿದ್ದ ಹೆಂಗಸರು ತಲೆ ತಗ್ಗಿಸಿದರಂತೆ. "ನೀವೂ ಉಣ್ಣಾಕತ್ತೀರೋ ಇಲ್ಲೋ?" ಎಂದು ಯಾರೋ ಕೇಳಿದರು. "ಬಾಣಂತಿಗೆ ಗಂಜಿ ಮಾಡೀವ್ರೀ," ಎಂದರು ಅವರು. ಉಳಿದವರು ಊರಿನವರ ಕಾಳನ್ನು ಮುಟ್ಟದೆ ಹಿತ್ತಿಲ ನುಗ್ಗೆಸೊಪ್ಪು ಬೇಯಿಸಿಕೊಂಡಿದ್ದರು. ಅವರು ಹಾದುಬಂದ ಹಾಳೂರುಗಳಲ್ಲೆಲ್ಲ ನೆರಳು, ನೀರು ಮತ್ತು ಸೊಪ್ಪನ್ನು ಬಿಟ್ಟು ಬೇರೇನೂ ಮುಟ್ಟಬಾರದೆಂದು ತಮ್ಮೊಳಗೆ ಕಟ್ಟು ಮಾಡಿಕೊಂಡಿದ್ದರು. ಬಿಟ್ಟುಹೋದವರು ತಿರುಗಿ ಬಂದರೆ ಅವರಿಗೆ ಬೇಕಲ್ಲ ಎಂದು. ಮರುದಿನದಿಂದ ಹೆಂಗಸರು ತಮಗೆ ಬಂದ ಕಾಳಿನಲ್ಲಿ ಒಂದು ಪಾಲನ್ನು ಅಲ್ಲೇ ಹಿಂದಕ್ಕೆ ಸುರಿದು ಬರತೊಡಗಿದರು. ಗೌಡನಿಗೆ ಇದನ್ನು ಯಾರೂ ಹೇಳಲಿಲ್ಲ.

ಬೇನೆ ಬರಲೇ ಇಲ್ಲ ಎಂದು ನಾನು ಹೇಳಲಾರೆ. ಬಂತು. ಗುಡ್ಡದ ಮೇಲೂ ಕೆಲವರು ಸತ್ತರು, ಊರಿನೊಳಗೆ ನೇಕಾರರ ಒಬ್ಬ ಮುದುಕನೂ ಸತ್ತ. ಆದರೆ ಸುತ್ತಲಿನ ಊರುಗಳಿಗೆ ಹೋಲಿಸಿದರೆ ಬೆಳವಗೇರಿ ಕಳೆದುಕೊಂಡದ್ದು ಬಹಳ ಕಡಿಮೆ ಎನ್ನುತ್ತಾರೆ. ತಾಯಿ ಬಂದು ಬಾಣಂತಿಯನ್ನು ನೋಡಿ ಮನಸ್ಸು ಕರಗಿ ಹೋದಳು ಎಂದು ಹಿರಿಯರ ಮಾತು. ಊರ ಬಾವಿಯ ನೀರು ಬಿಟ್ಟು ಒರತೆಯ ನೀರು ಕುಡಿದದ್ದೇ ಕಾರಣ, ಒಬ್ಬರಿಗೊಬ್ಬರು ದೂರ ದೂರ ಒಲೆ ಹೂಡಿದ್ದೇ ಕಾರಣ ಎಂದು ಶಾಲೆ ಮಾಸ್ತರರು ಹೇಳುತ್ತಾರೆ. ನೀಲವ್ವಜ್ಜಿ ಎರಡಕ್ಕೂ ಹೌದೆಂದು ತಲೆಯಾಡಿಸುತ್ತಿದ್ದಳು. ಅವಳಿಗೆ ಮುಖ್ಯವಾದದ್ದು ಮುಂದಿನ ಮಾತು.

ಪುರುಡು ಕಳೆಯುವ ದಿನ ಬಂತು. ಗೌಡ ಬೆಳಿಗ್ಗೆಯೇ ರುಮಾಲು ಸುತ್ತಿ ತಯಾರಾಗಿ ಕೂತ. ಮಳೆಯ ಮೋಡ ಏಳುತ್ತಿತ್ತು. ಹೊಲ ಹರಗಬೇಕು, ಬಿತ್ತಲು ಕೂರಿಗೆ ಹೊರತೆಗೆಯಬೇಕು. ಕರಿಯವ್ವ ಊರಿನಿಂದ ಗುಡ್ಡ ಹತ್ತಿ ಬಂದಳು, ಒರತೆಯಲ್ಲಿ ಕಾಲು ತೊಳೆದಳು, ಎಲೆ ಅಡಿಕೆ ಹಾಕಿಕೊಂಡಳು. ಗೌಡ ತಾಳ್ಮೆಗೆಟ್ಟು, "ಎವ್ವಾ, ಮುಗೀತೇನ?" ಎಂದ. ಅವಳು ಎಲ್ಲಿಂದ ಮುಗಿಯಬೇಕು ಎಂಬಂತೆ ಕೈ ತಿರುಗಿಸಿದಳು. ಆ ಸೀಮೆಯ ಪದ್ಧತಿಯಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಟ್ಟ ಮೇಲೆಯೇ ಪುರುಡು ಕಳೆಯುತ್ತದೆ. ಹೆಸರನ್ನು ಕೂಸಿನ ಕಿವಿಯಲ್ಲಿ ಹೇಳುವವಳು ಸೋದರತ್ತೆ, ಅಂದರೆ ತಂದೆಯ ಒಡಹುಟ್ಟಿದವಳು. ಏಕಾಂತಪ್ಪನಿಗೆ ಒಬ್ಬಳೇ ತಂಗಿ ಇದ್ದಳು. ಅಣ್ಣನ ಕೂಸಿಗೆ ಹೆಸರಿಡುವವಳು ತಾನೇ ಎಂದು ದಾರಿಯುದ್ದಕ್ಕೂ ಹೇಳುತ್ತ ಬಂದವಳು, ನಾಲ್ಕು ಊರು ಹಿಂದೆ ಒಂದು ಕುಂಟೆಯ ದಂಡೆಯಲ್ಲಿ ಬೇನೆಯಿಂದ ಕಣ್ಣು ಮುಚ್ಚಿದ್ದಳು. ಉಳಿದ ನೇಕಾರರಲ್ಲಿ ಸೋದರತ್ತೆಯ ವಾವೆಗೆ ಸರಿಹೋಗುವವರು ಯಾರೂ ಇರಲಿಲ್ಲ. ಕೆಲವರು ಸತ್ತಿದ್ದರು, ಕೆಲವರು ಬೇರೆ ದಾರಿ ಹಿಡಿದು ಎಲ್ಲಿದ್ದಾರೋ ತಿಳಿಯದು.

"ಸೋದರತ್ತಿ ಇಲ್ಲ, ಹೆಸರಿಲ್ಲ. ಹೆಸರಿಲ್ಲ, ಪುರುಡು ಕಳೆಯಾಂಗಿಲ್ಲ. ಕೂತಿರು ಹೇಮ್ಯಾ, ಇಲ್ಲೇ ಗಾಳಿ ಛಲೋ ಐತಿ," ಎಂದಳು ಕರಿಯವ್ವ.

ಗೌಡನಿಗೆ ಸಿಟ್ಟು ನೆತ್ತಿಗೇರಿತು. ಕಾರಣವೊಂದಾದ ಮೇಲೊಂದು ಹುಟ್ಟಿಸಿ ತನ್ನನ್ನು ಬೀದಿಪಾಲು ಮಾಡುತ್ತಿದ್ದಾರೆ ಎನಿಸಿತು. ಅಲ್ಲಿ ಅವನ ಅಕ್ಕ ಸಂಕವ್ವ ರೊಟ್ಟಿ ಬಡಿಯುತ್ತ ಕೂತಿದ್ದಳು. ಅವಳನ್ನು ಕೊಟ್ಟ ಊರು ಮೂಡಣದಲ್ಲಿತ್ತು. ಹಿಂದಿನ ವರ್ಷ ಗಂಡ ಮತ್ತು ಕೈಗೂಸು ಇಬ್ಬರೂ ಬೇನೆಗೆ ಹೋದ ಮೇಲೆ ಒಬ್ಬಳೇ ನಡೆದು ತಮ್ಮನ ಮನೆ ಸೇರಿದ್ದಳು. ಅಂದಿನಿಂದ ಅವಳು ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದಳು. ಗೌಡ ಅವಳತ್ತ ಬೊಟ್ಟು ಮಾಡಿ, "ಅಕ್ಕಾ, ಏಳ. ನೀನೇ ಹೋಗಿ ಅದರ ಕಿವ್ಯಾಗ ಏನರ ಒಂದು ಊದಿ ಬಾ. ಮುಗದ ಹೋಗಲಿ!" ಎಂದ. ಸಂಕವ್ವ ಕೈಯಲ್ಲಿದ್ದ ರೊಟ್ಟಿಯನ್ನು ಹಾಗೇ ಬಿಟ್ಟು ತಮ್ಮನ ಮುಖ ನೋಡಿದಳು. "ಖರೆ ಹೇಳ್ತಿ?" ಎಂದಳು. "ಖರೆ ಅಂದ್ರ ಖರೆ," ಎಂದ ಗೌಡ. ಕರಿಯವ್ವ ಬಾಯಿಯ ಎಲೆರಸ ಚೆಲ್ಲುವ ನೆಪದಲ್ಲಿ ಆಚೆ ತಿರುಗಿದಳಂತೆ.

ಸಂಕವ್ವ ಹಿಟ್ಟಿನ ಕೈ ತೊಳೆದು ಗುಡ್ಡ ಇಳಿದಳು. ನೂಲಿನ ಕೆಳಗೆ ಬಗ್ಗಿ ಒಳಗೆ ಹೋದಳು. ಅಲ್ಲಿ ಹಳೆಯ ಸೀರೆಯನ್ನು ತೊಲೆಗೆ ಕಟ್ಟಿ ಜೋಲಿ ಮಾಡಿದ್ದರು. ಬನವ್ವ ಹೆಣ್ಣುಕೂಸನ್ನು ಅವಳ ಕೈಗಿಟ್ಟಳು. ಸಂಕವ್ವ ಕೂಸಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು. ಯಾರೂ ಅವಸರ ಮಾಡಲಿಲ್ಲ. ಆಮೇಲೆ ಅವಳು ಏಕಾಂತಪ್ಪನ ಕಡೆ ತಿರುಗಿ, "ನಿನ್ನ ತಂಗಿ ಹೆಸರು ಏನಿತ್ತೋ ತಮ್ಮಾ?" ಎಂದು ಕೇಳಿದಳು. "ನಾಗಲವ್ವ," ಎಂದ ಅವನು. ದಾರಿಯುದ್ದಕ್ಕೂ ಅಳದಿದ್ದ ಮನುಷ್ಯ ಆ ಹೆಸರು ಹೇಳಿ ಗೋಡೆಗೆ ಮುಖ ಹಾಕಿ ಅತ್ತ. ಸಂಕವ್ವ ಕೂಸಿನ ಕಿವಿಯ ಬಳಿ ಬಾಗಿ ನಾಗಲವ್ವ, ನಾಗಲವ್ವ ಎಂದು ಹೇಳಿದಳು. ಜೋಲಿಗೆ ಹಾಕಿ ತೂಗಿದಳು.

ಹೆಸರಿಟ್ಟ ಸುದ್ದಿ ಬಂದದ್ದೇ ಗುಡ್ಡದ ಮೇಲೆ ಗೌಡ ಎದ್ದು ನಿಂತು, ಊರೊಳಗೆ ನಡೆಯಿರಿ, ಅವರನ್ನು ಸಾಗಹಾಕೋಣ ಎಂದ. ಜನ ಎದ್ದು ಗುಡ್ಡ ಇಳಿದರು. ಊರಬಾಗಿಲಲ್ಲಿ ಸಂಕವ್ವ ಕೂಸನ್ನು ಎತ್ತಿಕೊಂಡು ಕಾಯುತ್ತ ನಿಂತಿದ್ದಳು. ಮೌನೇಶಪ್ಪ ಪೂಜಾರಿ ಕೆಮ್ಮಿ, ತನ್ನ ನಿಧಾನದ ದನಿಯಲ್ಲಿ, "ಗೌಡ್ರ, ಒಂದು ಮಾತು," ಎಂದ. "ನಿಮ್ಮ ಅಕ್ಕ ಈಗ ಈ ಕೂಸಿಗೆ ಸೋದರತ್ತಿ. ಅಂದ್ರ ಏಕಾಂತಪ್ಪ ನಿಮ್ಮ ಅಕ್ಕಗ ತಮ್ಮ. ನಿಮಗ ಏನಾದ ಅಂತ ನೀವ ಲೆಕ್ಕಾ ಹಾಕ್ರಿ. ಒಡಹುಟ್ಟಿದವನ್ನ ಬಾಣಂತಿ ಸುದ್ದಾ ಗಡಿ ದಾಟಿಸೋದು ಹ್ಯಾಂಗ ಅಂತ ನನಗ ಪದ್ಧತಿ ಗೊತ್ತಿಲ್ಲ. ನಿಮಗ ಗೊತ್ತಿದ್ರ ಹೇಳ್ರಿ."

ಗೌಡ ಅಕ್ಕನನ್ನು ನೋಡಿದ. ಒಂದು ವರ್ಷದಿಂದ ಕಂಡಿರದಂಥ ಮುಖ ಅಲ್ಲಿತ್ತು ಎಂದು ನೀಲವ್ವಜ್ಜಿ ಹೇಳುತ್ತಿದ್ದಳು. ಅವನು ಕರಿಯವ್ವನನ್ನು ನೋಡಿದ. ಅವಳು ಆಕಾಶ ನೋಡುತ್ತಿದ್ದಳು. ಮೋಸವಾಯಿತೆಂದು ಅವನಿಗೆ ತಿಳಿಯಿತು, ಮೋಸ ಮಾಡಿಕೊಂಡವನು ತಾನೇ ಎಂಬುದೂ ತಿಳಿಯಿತು. ಬೆಳಗು ಬೈಗು ಮೂರು ಕಲ್ಲಿನ ಮುಂದೆ ಕೂತು, ಕೆಳಗೆ ತನ್ನದೇ ಊರಿದ್ದೂ ಹೋಗಲಾರದೆ ಕಳೆದ ದಿನಗಳು ಅವನೊಳಗೆ ಏನೋ ಕೆಲಸ ಮಾಡಿದ್ದಿರಬೇಕು. ರುಮಾಲು ಬಿಚ್ಚಿ ಕೂಸಿನ ಮೇಲೆ ಹೊದಿಸಿ, "ನನ್ನ ಮಗಳಾತಲ್ಲೋ ಇದು. ಮಗ್ಗಕ್ಕ ಗುಂಡಿ ಎಲ್ಲಿ ತೋಡ್ತೀರಿ, ಜಾಗ ನೋಡ್ರಿ," ಎಂದು ಏಕಾಂತಪ್ಪನಿಗೆ ಹೇಳಿದ. ಆಮೇಲೆ ತಾನೇ ಬಾಗಿ, ಬಾಗಿಲ ಮುಳ್ಳನ್ನು ಪೂರ್ತಿ ಎಳೆದು ಹಾಕಿದ. ಆ ಮಳೆಗಾಲ ನೇಕಾರರು ಗೌಡನ ಹೊಲ ಬಿತ್ತಿದರು. ಸುಗ್ಗಿಯ ಹೊತ್ತಿಗೆ ಊರಬಾಗಿಲ ಮೂಡಣ ಮಗ್ಗುಲಲ್ಲಿ ಮಗ್ಗಗಳು ಸದ್ದು ಮಾಡತೊಡಗಿದವು. ಒಂದು ಕೂಸಿನ ಪುರುಡನ್ನು ಇಡೀ ಊರು ಹಿಡಿದ ಗುಡ್ಡವೆಂದು ಅದಕ್ಕೆ ಅಂದಿನಿಂದ ಪುರುಡುಗುಡ್ಡ ಎಂಬ ಹೆಸರು ನಿಂತಿತು.

ಈಗ ಹೋದವರಿಗೂ ಗುಡ್ಡದ ಹಿಂಬದಿಯಲ್ಲಿ ಮೂರು ಮೂರು ಕಲ್ಲುಗಳ ಒಲೆಗಳು ಕಾಣುತ್ತವೆ. ಹುಲ್ಲು ಬೆಳೆದು ಕೆಲವು ಮುಚ್ಚಿವೆ, ಹೆಚ್ಚಿನವು ಹೊಗೆಯಿಂದ ಕಪ್ಪಾಗಿಯೇ ಇವೆ, ಏಕೆಂದರೆ ಅವು ತಣ್ಣಗಿರುವುದು ಅಪರೂಪ. ಬೆಳವಗೇರಿಯಲ್ಲಿ ಯಾವ ಮನೆಯಲ್ಲಿ ಕೂಸು ಹುಟ್ಟಿದರೂ, ಪುರುಡು ಕಳೆದ ಮೇಲೆ ಬಾಣಂತಿಯ ಮನೆಯವರು ಮೇಲೆ ಬಂದು, ಸಿಕ್ಕ ಒಂದು ಒಲೆ ಹೊತ್ತಿಸಿ, ಜೋಳದ ಅಂಬಲಿಯನ್ನೋ ಗೋಧಿ ಹುಗ್ಗಿಯನ್ನೋ ಕಾಸುತ್ತಾರೆ. ಅದನ್ನು ಊರಿನವರು ಉಣ್ಣುವಂತಿಲ್ಲ. ದಾರಿಯಲ್ಲಿ ಹೋಗುವವರನ್ನು ಕರೆದು ಬಡಿಸಬೇಕು. ಕುರಿ ಕಾಯುವವರು, ಲಾರಿಯವರು, ಕಬ್ಬು ಕಡಿಯಲು ಗುಳೆ ಹೊರಟ ಕುಟುಂಬಗಳು, ಯಾರಾದರೂ ಸರಿ. ನೀವು ಹೋದ ದಿನ ಹೊಗೆ ಕಂಡರೆ ಹತ್ತಿರ ಹೋಗಿ ನಿಲ್ಲಿ. ಯಾರಾದರೊಬ್ಬ ಹೆಂಗಸು ಕೂಸನ್ನು ಸೊಂಟ ಬದಲಿಸಿಕೊಂಡು ನಿಮಗೆ ಎಲೆ ಹಾಕುತ್ತಾಳೆ. ಯಾವ ಊರಿನವರು, ಯಾಕೆ ಬಂದಿರಿ ಎಂದು ಕೇಳುತ್ತಾಳೆ, ಅದು ನಿಮ್ಮ ಊಟ ಮುಗಿದು ಕೈ ತೊಳೆದ ಮೇಲೆ.